ಕಂಪ್ಲಿಯಲ್ಲಿ 2006ರಲ್ಲಿ ಹಾಕಿದ್ದ 'ಮೊಸಳೆ ಮಾಮ' ಶ್ರದ್ಧಾಂಜಲಿ ಬ್ಯಾನರ್: ಯಾರ ಹತ್ತಿರವಾದರೂ ಫೋಟೋ ಇದೆಯಾ?

ಹೊಳೆದಂಡಿ ಹುಡುಗ, ಕಂಪ್ಲಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಗುವವರು ಪೂರ್ತಿ ಓದಿ ನಗಿ.

2006ರ ಸೆಪ್ಟೆಂಬರಿನಲ್ಲಿ ನಮ್ಮ ಕಂಪ್ಲಿ ಬಸ್ ಸ್ಟ್ಯಾಂಡ್ ಎದುರು, ಕಬ್ಬಿನ ಹಾಲಿನ ಗಾಡಿ ನಿಲ್ಲುತ್ತಿತ್ತಲ್ಲ, ಅದರ ಪಕ್ಕದ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದೆವು. ಆರಡಿ ಅಗಲ, ನಾಲ್ಕಡಿ ಎತ್ತರ. ಅದರಲ್ಲಿ ಖಾಕಿ ಅಂಗಿ, ಖಾಕಿ ಚಡ್ಡಿಯ ಒಬ್ಬ ಕೆಂಚು ಕೂದಲಿನ ಬಿಳಿಯ ಮನುಷ್ಯ, ತೋಳಲ್ಲಿ ಒಂದು ಮೊಸಳೆ ಮರಿ. ಟಿವಿಯಲ್ಲಿ ಮೊಸಳೆ ಹಿಡಿದು ತೋರಿಸುತ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ಅವನು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ 'ಮತ್ತೆ ಹುಟ್ಟಿ ಬಾ ಮೊಸಳೆ ಮಾಮ'. ಜನನ 22-2-1962, ಮರಣ 4-9-2006. ಎಲ್ಲಕ್ಕಿಂತ ಕೆಳಗೆ ನಮ್ಮ ಹನ್ನೊಂದು ಜನರ ಪಾಸ್‌ಪೋರ್ಟ್ ಸೈಜ್ ಫೋಟೋ, ಸಾಲಾಗಿ. ನಮ್ಮೂರಲ್ಲಿ ಯಾರೇ ಸತ್ತರೂ, ಯಾರದೇ ಹುಟ್ಟುಹಬ್ಬ ಆದರೂ, ಈ ಕೆಳಗಿನ ಸಾಲಿಲ್ಲದೆ ಬ್ಯಾನರ್ ಆಗುವುದಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ.

ಆ ಬ್ಯಾನರಿನ ಫೋಟೋ ಬೇಕು. ನನ್ನ ಮಗ ನಾಲ್ಕನೇ ಕ್ಲಾಸು. ಮೊಬೈಲಿನಲ್ಲಿ ರಾಬರ್ಟ್ ಇರ್ವಿನ್ ವಿಡಿಯೋಗಳನ್ನು ನೋಡುತ್ತಾನೆ. 'ಇವನಪ್ಪ ಸತ್ತಾಗ ನಾವು ಕಂಪ್ಲಿಯಲ್ಲಿ ಬ್ಯಾನರ್ ಹಾಕಿದ್ದೆವು ಕಣೋ' ಅಂದೆ. ನಂಬಲಿಲ್ಲ. ಅವರಮ್ಮನ ಕಡೆ ತಿರುಗಿ, 'ಅಪ್ಪ ಸುಳ್ಳು ಹೇಳ್ತಾನೆ' ಅಂದ. ಅವಳೂ ನಂಬಲಿಲ್ಲ. 'ನಿಮ್ಮಜ್ಜನ ತಿಥಿ ಯಾವತ್ತು ಅಂತ ಕೇಳಿದ್ರೆ ಕ್ಯಾಲೆಂಡರ್ ನೋಡ್ತೀರಿ, ಇವನದು ಬಾಯಲ್ಲೇ ಇದೆ' ಅಂತ ಬೇರೆ ಚುಚ್ಚಿದಳು.

ಅವತ್ತಿನ ದಿನ ನನಗೆ ಪೂರ್ತಿ ನೆನಪಿದೆ. ಸೋಮವಾರ. ನಾನು ಪಿಯುಸಿ ಮೊದಲ ವರ್ಷ. ಆ ಸಲ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು, ಹಾಗಾಗಿ ನಮ್ಮ ಓಣಿ ಗಣಪತಿಗೆ ಅವತ್ತು ಒಂಬತ್ತನೇ ದಿನ. ಸಂಜೆ ತುಂಗಭದ್ರಾ ಹೊಳೆಗೆ ಕಳಿಸಬೇಕು. ಟ್ರ್ಯಾಕ್ಟರ್ ಟ್ರೇಲರಿಗೆ ಬಾಳೆಕಂಬ ಕಟ್ಟುತ್ತಿದ್ದೆವು. ಆಗ ಗೆಳೆಯನೊಬ್ಬ ಓಡಿ ಬಂದ. ಅವನಿಗೆ ನಾವು ಪೇಂಟರ್ ಅಂತಲೇ ಕರೆಯುತ್ತಿದ್ದೆವು, ಅವರಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದರು. 'ಲೇ, ಮೊಸಳೆ ಮಾಮ ಹೋದನಂತೆ' ಅಂದ. ಮೊಸಳೆ ತಿಂತಾ ಅಂತ ಕೇಳಿದೆ. 'ಇಲ್ಲಲೇ, ಮೀನು ಚುಚ್ಚೇತಂತೆ' ಅಂದ.

ಮೀನು! ಹೊಳೆ ದಂಡೆಯಲ್ಲಿ ಹುಟ್ಟಿ ಬೆಳೆದವರು ನಾವು. ಮೀನು ಚುಚ್ಚಿ ಮನುಷ್ಯ ಸಾಯ್ತಾನೆ ಅಂದ್ರೆ ಹೇಗೆ ನಂಬೋದು? ಎಲ್ಲರೂ ಕೈಲಿದ್ದ ಹಗ್ಗ ಬಿಟ್ಟು ಟಿವಿ ಇದ್ದ ಮನೆಗೆ ಓಡಿದೆವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್, ಪೋರ್ಟ್ ಡಗ್ಲಸ್ ಊರಿನ ಆಚೆ ಬ್ಯಾಟ್ ರೀಫ್ ಅನ್ನುವ ಜಾಗ. ಶೂಟಿಂಗ್ ನಡೆದಿತ್ತು. ಎದೆಮಟ್ಟದ ನೀರಿನಲ್ಲಿ ಈಜುತ್ತಾ ಒಂದು ದೊಡ್ಡ ಸ್ಟಿಂಗ್‌ರೇ ಹತ್ತಿರ ಹೋಗಿದ್ದ. ಮೊರದಂಥ ಚಪ್ಪಟೆ ಮೀನು, ಬಾಲದಲ್ಲಿ ಗರಗಸದಂಥ ಮುಳ್ಳು. ಅದು ಬೆದರಿ ಬಾಲ ಬೀಸಿತು, ಮುಳ್ಳು ಎದೆಗೇ ಹೊಕ್ಕಿತು. ವಯಸ್ಸು 44.

ವಾಪಸ್ ಬಂದು ಗಣಪತಿ ಎತ್ತಿದೆವು. ಡೊಳ್ಳು ಬಾರಿಸೋ ಹುಡುಗರು ಜೋರಾಗಿ ಬಾರಿಸುತ್ತಿದ್ದರು. ಪೇಂಟರ್ ಮಾತ್ರ ಟ್ರೇಲರ್ ಹಿಂದೆ ಅಳುತ್ತಾ ಬಂದ. ಓಣಿಯ ಹಿರಿಯರೊಬ್ಬರು ನೋಡಿ, 'ಏನ್ರಲೇ, ದೇವರನ್ನ ಕಳಿಸೋ ಹೊತ್ತಿನಾಗ ಯಾರದೋ ಸೂತಕ ತೆಗೀತೀರಿ' ಅಂತ ಬೈದರು. ಗಣಪತಿ ಹೋಗುವುದಕ್ಕೆ ಅಳುತ್ತಿದ್ದಾನೆ ಅಂತ ನಾನು ಹೇಳಿದೆ. ಹಿರಿಯರಿಗೆ ಖುಷಿಯಾಗಿ ಅವನ ತಲೆ ಸವರಿದರು.

ಚಂದಾದಲ್ಲಿ 700 ರೂಪಾಯಿ ಉಳಿದಿತ್ತು. ಬ್ಯಾನರ್ ಹಾಕೋಣ ಅಂದವನು ಪೇಂಟರ್. ಗಂಗಾವತಿಯ ಸೈಬರ್ ಸೆಂಟರಿನಲ್ಲಿ ಫೋಟೋ ಇಳಿಸಿಕೊಂಡು, ಹೊಸಪೇಟೆಗೆ ಹೋಗಿ ಪ್ರಿಂಟ್ ಹಾಕಿಸಿದೆವು. ಚಿಕ್ಕ ಫೋಟೋ ದೊಡ್ಡದು ಮಾಡಿದ್ದಕ್ಕೆ ಮುಖವೆಲ್ಲ ಚೌಕಚೌಕ. ಅದಕ್ಕಿಂತ ದೊಡ್ಡ ತಪ್ಪು ಹೆಸರಿನಲ್ಲಿ ಆಯಿತು. ಸ್ಟೀವ್ ಇರ್ವಿನ್ ಬದಲು 'ಸ್ಟೀಲ್ ಇರ್ವಿನ್' ಅಂತ ಬಂತು. ಕಟ್ಟಿದ ಮೇಲೆಯೇ ಗೊತ್ತಾಗಿದ್ದು. ನಮ್ಮ ಜಿಲ್ಲೆಯಲ್ಲಿ ಆಗ ಅದಿರಿನ ಭರಾಟೆ, ರಸ್ತೆ ತುಂಬಾ ಲಾರಿ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ 'ಪಾಪ, ತೋರಣಗಲ್ಲು ಸ್ಟೀಲ್ ಫ್ಯಾಕ್ಟರಿ ಸಾಹೇಬರಾ?' ಅಂತ ಕೇಳೋರು. ಒಬ್ಬರು 'ಯಾವ ಪಾರ್ಟಿ' ಅಂತಾನೂ ಕೇಳಿದರು. ಪೇಂಟರ್ ಅಪ್ಪ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಮನೆಯಲ್ಲಿ ಬ್ರಶ್ ಇಟ್ಟುಕೊಂಡು ಫ್ಲೆಕ್ಸ್‌ಗೆ ದುಡ್ಡು ಕೊಟ್ಟನಲ್ಲ ಅಂತ. ಅವರು ಬರೆದಿದ್ದರೆ ಹೆಸರು ತಪ್ಪಾಗುತ್ತಿರಲಿಲ್ಲ, ಅದು ನಿಜ.

ನಮಗೆ ಮೊಸಳೆ ಮಾಮನ ಮೇಲೆ ಯಾಕೆ ಅಷ್ಟು ಪ್ರೀತಿ ಅಂತ ಈಗ ಹೇಳೋದು ಕಷ್ಟ. ಅನಿಮಲ್ ಪ್ಲಾನೆಟ್‌ನಲ್ಲಿ ಅವನ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಅವನ ಮುಖ ನೋಡಿದರೆ ಸಾಕಾಗುತ್ತಿತ್ತು. ಮೊಸಳೆ ಬಾಯಿ ತೆರೆದರೆ ನಮ್ಮವ್ವ ಕಣ್ಣು ಮುಚ್ಚೋಳು. ಅವನು ಮಾತ್ರ ಮದುವೆ ಹೆಣ್ಣು ನೋಡಿದ ಹಾಗೆ ಹಲ್ಲು ಬಿಟ್ಟು 'ಕ್ರೈಕಿ' ಅನ್ನೋನು, ನಾವು 'ಅಬ್ಬಬ್ಬಾ' ಅನ್ನೋ ಹಾಗೆ. ನಮ್ಮ ಓಣಿಯಲ್ಲಿ ಮೇಕೆ ಹಿಡಿಯೋವಾಗಲೂ ಹುಡುಗರು 'ಕ್ರೈಕಿ' ಅಂತ ಕೂಗೋರು. ನಮ್ಮ ದೊಡ್ಡಪ್ಪ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವರು. ಮೊಸಳೆ, ನೀರುನಾಯಿ ಎರಡೂ ಅವರ ಬಲೆ ಹರಿದಿದ್ದವು. 'ಅವನಿಗೇನು, ಬಲೆ ರೇಟು ಗೊತ್ತೇನು?' ಅಂತ ಗೊಣಗಿಕೊಂಡೇ, ಬೀಡಿ ಆರಿದ್ದೂ ಗೊತ್ತಾಗದೆ ಟಿವಿ ನೋಡೋರು. ಹೊಳೆಯಲ್ಲಿ ಬಂಡೆ ಮೇಲೆ ಬಿಸಿಲು ಕಾಯಿಸೋ ಮೊಸಳೆಗೆ ಕಲ್ಲು ಹೊಡೆಯೋದು ನಮ್ಮ ಆಟ. ಇವನನ್ನು ನೋಡಿದ ಮೇಲೆ ಕಲ್ಲು ಬಿಟ್ಟೆವು ಅಂತ ಹೇಳಲಾರೆ. ಕಡಿಮೆ ಮಾಡಿದೆವು.

ಈಗ ನಿಜ ಹೇಳ್ತೀನಿ. ಫೋಟೋ ಮಗನಿಗಾಗಿ ಮಾತ್ರ ಅಲ್ಲ. ಪೇಂಟರ್ 2021ರ ಮೇ ತಿಂಗಳಲ್ಲಿ ಹೋದ, ಕೊರೋನಾದಲ್ಲಿ. ಲಾಕ್‌ಡೌನ್, ಪ್ರಿಂಟ್ ಅಂಗಡಿಗಳೆಲ್ಲ ಬಂದ್. ಅವನಿಗೆ ಒಂದು ಬ್ಯಾನರ್ ಹಾಕಲಿಕ್ಕೆ ನಮ್ಮಿಂದ ಆಗಲಿಲ್ಲ. ಗುರುತಿಲ್ಲದ ಆಸ್ಟ್ರೇಲಿಯಾದವನಿಗೆ ಹಾಕಿದೆವು, ಅವನಿಗೆ ಹಾಕಲಿಲ್ಲ. ಆ ಫ್ಲೆಕ್ಸ್ ಕೆಳಗಿನ ಸಾಲಿನಲ್ಲಿ ಎಡದಿಂದ ಮೂರನೆಯವನು ಅವನು.

ಇನ್ನೊಂದು ಪ್ರಶ್ನೆ. ಮಗ ನಿನ್ನೆ ಕೇಳಿದ: 'ಅಪ್ಪಾ, ಅವನನ್ನು ಕೊಂದ ಮೀನನ್ನ ಏನು ಮಾಡಿದ್ರು?' ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ. ಹುಡುಕಿ ಓದಿದೆ. ಅವನು ಸತ್ತ ಮುಂದಿನ ದಿನಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ದಡಗಳಲ್ಲಿ ಹತ್ತು ಸ್ಟಿಂಗ್‌ರೇಗಳಾದರೂ ಸತ್ತು ಬಿದ್ದಿದ್ದವಂತೆ, ಕೆಲವಕ್ಕೆ ಬಾಲ ಕತ್ತರಿಸಿತ್ತಂತೆ. ಅಭಿಮಾನಿಗಳ ಸೇಡು ಅಂತ ಅಲ್ಲಿನವರಿಗೆ ಅನುಮಾನ. ಓದಿ ಮನಸ್ಸಿಗೆ ಒಂಥರಾ ಆಯ್ತು. ಇದನ್ನು ಹುಡುಗನಿಗೆ ಹೇಳಬೇಕಾ, ಬಿಡಬೇಕಾ? ಹೇಳಿದರೆ ಹೇಗೆ?

ಹಳೇ ಕೇಬಲ್‌ನವ, ಗಂಗಾವತಿ:

ತಮ್ಮಾ, ಬ್ಯಾನರ್ ನಾನು ನೋಡಿದ್ದೇನೆ! ಫೋಟೋ ಇಲ್ಲ, ಆದರೆ ಸಾಕ್ಷಿಗೆ ನಾನಿದ್ದೇನೆ. ಕಂಪ್ಲಿಗೆ ವೈರ್ ತರಲು ಬಂದಿದ್ದೆ. 'ಸ್ಟೀಲ್ ಇರ್ವಿನ್' ಓದಿ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಮಗನಿಗೆ ತೋರಿಸು ಇದನ್ನ.

ಆ ಚಾನಲ್ ಕಥೆ ಹೇಳ್ತೀನಿ. ಆಗ ಬಹಳ ಮನೆಗಳಲ್ಲಿ ಹಳೇ ಟಿವಿ, ಇಷ್ಟೇ ಚಾನಲ್ ಹಿಡಿಯುತ್ತಿತ್ತು. ಅನಿಮಲ್ ಪ್ಲಾನೆಟ್ ತೆಗೆದು ಇನ್ನೊಂದು ತೆಲುಗು ಸಿನಿಮಾ ಚಾನಲ್ ಹಾಕು ಅಂತ ತಿಂಗಳಿಗೆ ನಾಲ್ಕು ಜನ ಬೈಯೋರು. ತೆಗೆದೂ ನೋಡಿದೆ, ಒಂದು ಸಲ. ಮರುದಿನ ಬೆಳಗ್ಗೆ ಶಟರ್ ಎತ್ತುವ ಮೊದಲೇ ಏಳೆಂಟು ಹುಡುಗರು ನಿಂತಿದ್ದರು, ಯೂನಿಫಾರ್ಮ್ ಹಾಕಿಕೊಂಡು. ಮೊಸಳೆಯವನನ್ನು ವಾಪಸ್ ಹಾಕು ಅಂತ. ದುಡ್ಡು ಕೊಡೋರು ಅವರಪ್ಪಂದಿರು, ಆದರೂ ಹಾಕಿದೆ.

ಸೆಪ್ಟೆಂಬರ್ 20ರ ಶ್ರದ್ಧಾಂಜಲಿ ಸಭೆ ಟಿವಿಯಲ್ಲಿ ತೋರಿಸಿದಾಗ ನಾನು ಕಂಟ್ರೋಲ್ ರೂಮಿನಲ್ಲಿ ಕೂತು ನೋಡಿದೆ. ಬೀರ್ವಾ ಊರಿನ ಅವನದೇ ಝೂ, ಅದರೊಳಗೆ ಮೊಸಳೆ ಆಟ ತೋರಿಸುವ ಕ್ರೊಕೋಸಿಯಂ. ಐದು ಸಾವಿರಕ್ಕೂ ಜಾಸ್ತಿ ಜನ. ಸರ್ಕಾರಿ ಗೌರವದ ಅಂತ್ಯಕ್ರಿಯೆ ಕೊಡುತ್ತೇವೆ ಅಂದರೆ ಅವರಪ್ಪ ಬಾಬ್ ಬೇಡ ಅಂದಿದ್ದರು, ಮಗ ಸಾಧಾರಣ ಮನುಷ್ಯ ಅಂತ. ಅದು ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಆಗಿದ್ದರೆ ಸಮಾಧಿಗೆ ಜಾಗ ಕೊಡಿ ಅಂತ ರಸ್ತೆ ತಡೆ ಆಗಿರೋದು.

ಸಭೆಯಲ್ಲಿ ಪ್ರಧಾನಿ ಮಾತಾಡಿದರು, ಸಿನಿಮಾದವರು ಮಾತಾಡಿದರು. ನೆನಪಿರೋದು ಮಗಳು ಬಿಂಡಿ ಒಬ್ಬಳೇ. ಎಂಟು ವರ್ಷ. ಖಾಕಿ ಹಾಕಿಕೊಂಡು, ಎರಡು ಜಡೆ, ಕೈಯಲ್ಲಿ ಬರೆದುಕೊಂಡು ಬಂದಿದ್ದ ಹಾಳೆ. ತಡವರಿಸದೆ ಓದಿದಳು. ಕೊನೆಗೆ ಅವನ ಟ್ರಕ್ಕಿಗೆ ಅವನ ಸಾಮಾನು, ಅಲೆ ಮೇಲೆ ಆಡುವ ಹಲಗೆ ಎಲ್ಲ ಹೇರಿ ಹೊರಗೆ ಓಡಿಸಿಕೊಂಡು ಹೋದರು. ಝೂ ಕೆಲಸದವರು ಹಳದಿ ಹೂವಿನಲ್ಲಿ ನೆಲದ ಮೇಲೆ 'ಕ್ರೈಕಿ' ಅಂತ ಬರೆದರು. ಆ ಟ್ರಕ್ಕು ಹೋಗೋವಾಗ ನನಗೆ ನಮ್ಮಪ್ಪನ ಎತ್ತಿನ ಗಾಡಿ ಮಾರಿದ ದಿನ ನೆನಪಾಯಿತು. ಯಾಕೋ ಗೊತ್ತಿಲ್ಲ.

ಹಾವಿನ ಚೀಲ, ಲಿಂಗಸೂಗೂರು:

ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಕಹಿ ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ.

ಹಾವು ಹಿಡಿಯಲು ಶುರು ಮಾಡಿದ್ದೇ ನಾನು ಅವನನ್ನು ನೋಡಿ. ಬಾಲ ಹಿಡಿದು ಎತ್ತುವುದು, ಕ್ಯಾಮೆರಾ ಕಡೆ ತಿರುಗಿ ಮಾತಾಡುವುದು, ಎಲ್ಲ ಅವನದೇ ನಕಲು. 2011ರಲ್ಲಿ ಒಂದು ತೊಗರಿ ಹೊಲದಲ್ಲಿ ಕೊಳಕುಮಂಡಲ ಹಿಡಿಯೋವಾಗ ಸುತ್ತ ಮೂವತ್ತು ಜನ. ಯಾರೋ 'ಅಣ್ಣಾ, ಈ ಕಡೆ ತಿರುಗಿಸು' ಅಂದರು. ತಿರುಗಿಸಿದೆ. ಬಲಗೈ ತೋರುಬೆರಳಿಗೆ ಕಚ್ಚಿತು. ಹನ್ನೆರಡು ದಿನ ಆಸ್ಪತ್ರೆ. ಬೆರಳು ಉಳಿಯಿತು, ಮಡಚಲು ಬರೋದಿಲ್ಲ. ಊಟ ಮಾಡೋವಾಗ ನೆಟ್ಟಗೆ ನಿಂತಿರುತ್ತೆ, ನನ್ನ ಮಗಳು 'ಅಪ್ಪ ಯಾರಿಗೋ ದಾರಿ ತೋರಿಸ್ತಿದಾನೆ' ಅಂತ ನಗ್ತಾಳೆ.

ಅವನ ಮೇಲೆ ಟೀಕೆ ಆಗಲೂ ಇತ್ತು. 2004ರ ಜನವರಿಯಲ್ಲಿ ಒಂದು ತಿಂಗಳ ಕೂಸು ರಾಬರ್ಟ್‌ನನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಮೊಸಳೆಗೆ ಕೋಳಿ ಕೊಟ್ಟ. ಊರೆಲ್ಲ ಬೈದಿತ್ತು. ಅವನು ಸತ್ತ ಒಂದೆರಡು ದಿನದಲ್ಲೇ ಜರ್ಮೇನ್ ಗ್ರೀರ್ ಅನ್ನುವ ಆಸ್ಟ್ರೇಲಿಯಾದ ಲೇಖಕಿ, ಪ್ರಾಣಿಗಳನ್ನು ಕಾಡಿದ್ದಕ್ಕೆ ಪ್ರಾಣಿಲೋಕವೇ ಸೇಡು ತೀರಿಸಿಕೊಂಡಿತು ಅನ್ನುವ ಅರ್ಥದಲ್ಲಿ ಬರೆದರು. ಜನ ಕೆಂಡವಾದರು. ಸೂತಕದ ಮನೆ ಮುಂದೆ ನಿಂತು ಹಾಗೆ ಹೇಳಬಾರದಿತ್ತು. ಆದರೆ ಆಕೆ ಕೇಳಿದ ಪ್ರಶ್ನೆ ಪೂರ್ತಿ ಸುಳ್ಳಾ ಅಂತ ನಾನು ಆಸ್ಪತ್ರೆ ಹಾಸಿಗೆ ಮೇಲೆ ಮಲಗಿ ಬಹಳ ಯೋಚಿಸಿದ್ದೇನೆ.

ನಾವು ಅವನ ಕೈ ನೋಡಿದೆವು, ಹಿಂದಿನ ಲೆಕ್ಕ ನೋಡಲಿಲ್ಲ. ಅವರಪ್ಪ ಅಮ್ಮ 1970ರಲ್ಲಿ ಸರೀಸೃಪಗಳ ಪಾರ್ಕ್ ಶುರು ಮಾಡಿದವರು. ಒಂಬತ್ತನೇ ವಯಸ್ಸಿನಿಂದ ಅಪ್ಪನ ಜೊತೆ ಮೊಸಳೆ ಹಿಡಿದವನು ಅವನು. ನಾನು ಒಂಬತ್ತು ಎಪಿಸೋಡ್ ನೋಡಿ ಹೊಲಕ್ಕಿಳಿದವನು. ಈಗ ರೀಲ್ಸ್ ಹುಡುಗರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಗರಹಾವಿಗೆ ಮುತ್ತು ಕೊಡ್ತಾರೆ, ಕೊರಳಿಗೆ ಹಾಕ್ಕೋತಾರೆ. ಈಗ ನಾನು ಕೊಕ್ಕೆ, ಪೈಪು, ಬಟ್ಟೆ ಚೀಲ ಇಲ್ಲದೆ ಹಾವಿನ ಹತ್ತಿರ ಹೋಗುವುದಿಲ್ಲ. ಮೊದಲು ಸುತ್ತ ನಿಂತವರ ಮೊಬೈಲ್ ಜೇಬಿಗೆ ಹಾಕಿಸ್ತೀನಿ. ಕಚ್ಚಿಸಿಕೊಂಡವರಿಗೆ ಒಂದೇ ಮಾತು: ಬ್ಲೇಡು, ಬೇರು, ಮಂತ್ರ ಬೇಡ, ಓಡಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಇಂಜೆಕ್ಷನ್.

ಇಷ್ಟೆಲ್ಲ ಬೈದು ಇದನ್ನೂ ಹೇಳಬೇಕು. 4-9-2006 ಸಂಜೆ ನಾನೂ ಅತ್ತಿದ್ದೆ. ಇವತ್ತಿಗೂ ಹಾವಿನ ಚೀಲದ ಬಾಯಿ ಕಟ್ಟೋವಾಗ 'ಆಯ್ತು ತಾಯಿ, ಆಯ್ತು' ಅಂತ ಅದಕ್ಕೆ ಸಮಾಧಾನ ಹೇಳ್ತೀನಿ. ಹಿಡಿದ ಪ್ರಾಣಿ ಜೊತೆ ಮಾತಾಡೋದು ಅವನಿಂದಲೇ ಬಂದದ್ದು.

ಕೃಷ್ಣೆ ದಂಡೆ, ರಾಯಚೂರು:

ಹೊಳೆದಂಡಿ ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಬರ್ತೀನಿ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತೇನೆ, ತವರು ಕೃಷ್ಣಾ ದಂಡೆಯ ಹಳ್ಳಿ.

ಮಗನಿಗೆ ಹೇಳಿ. ಮೊದಲು ಇದನ್ನು ಹೇಳಿ: ಆ ಮೀನನ್ನು ಯಾರೂ ಏನೂ ಮಾಡಲಿಲ್ಲ, ಅದು ತನ್ನ ಪಾಡಿಗೆ ಈಜಿಕೊಂಡು ಹೋಯಿತು. ಆಮೇಲೆ ದಡದ ಮೀನುಗಳ ಸುದ್ದಿ ಹೇಳಿ. ಸ್ಟೀವ್ ಕಟ್ಟಿದ ವೈಲ್ಡ್‌ಲೈಫ್ ವಾರಿಯರ್ಸ್ ಸಂಸ್ಥೆಯವರೇ ಆಗ ಮುಂದೆ ಬಂದು, ಸೇಡು ಅನ್ನೋದು ಅವನಿಗೆ ಎಂದೂ ಬೇಕಿರಲಿಲ್ಲ ಅಂತ ಹೇಳಿದ್ದರು. ಅದನ್ನೂ ಹೇಳಿ. ನಾಲ್ಕನೇ ಕ್ಲಾಸಿನವರು ನಾವು ಅಂದುಕೊಂಡಷ್ಟು ಚಿಕ್ಕವರಲ್ಲ. ಇನ್ನೊಂದು, ನಿಮ್ಮ ಮಗ ಇಂಟರ್‌ನೆಟ್ಟಿನಲ್ಲಿ 'ಸತ್ತ ವಿಡಿಯೋ' ಹುಡುಕೇ ಹುಡುಕ್ತಾನೆ. ಸಿಗೋದೆಲ್ಲ ಸುಳ್ಳು. ನಿಜವಾದ ಟೇಪನ್ನು ಮನೆಯವರು ಹೊರಗೆ ಬಿಟ್ಟಿಲ್ಲ. ನೀವೇ ಮೊದಲು ಹೇಳಿಬಿಡಿ.

ನಮ್ಮೂರಿನಲ್ಲಿ ಬೇಸಿಗೆಗೆ ಕೃಷ್ಣೆ ಇಳಿದಾಗ ನಡುಗಡ್ಡೆಗಳ ಮೇಲೆ ಮೊಸಳೆ ಮಲಗಿರುತ್ತವೆ. ನಮ್ಮಜ್ಜಿ ಬಟ್ಟೆ ಒಗೆಯಲು ಹೋಗೋವಾಗ ಮೊದಲು ಒಂದು ಕಲ್ಲು ನೀರಿಗೆ ಹಾಕಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. 'ಅದರ ಮನೀಗೆ ಹೊಂಟೀವಿ, ಬಾಗಿಲ ಬಡೀಬೇಕಲ್ಲವ್ವ' ಅನ್ನೋಳು. ನಿಮ್ಮ ಬ್ಯಾನರ್ ಓದಿ ಆಕೆ ನೆನಪಾದಳು.

ಕೆಲವು ವರ್ಷದ ಹಿಂದೆ, ಪ್ರವಾಹ ಇಳಿದ ಮೇಲೆ, ನಮ್ಮ ಮಾವನ ಭತ್ತದ ಗದ್ದೆಗೆ ಒಂದು ಮೊಸಳೆ ಬಂತು. ಸುಮಾರು ಆರಡಿ. ಹಗ್ಗ ಹಾಕಿ ಬೇವಿನ ಮರಕ್ಕೆ ಕಟ್ಟಿದರು. ಹಿಂದಿನ ವರ್ಷ ಪಕ್ಕದೂರಿನ ಒಂದು ಕರುವನ್ನು ಮೊಸಳೆ ಎಳೆದಿತ್ತು. ಎಳೆದದ್ದು ಇದೇ ಅಂತ ಯಾರೂ ಹೇಳಲಾರರು, ಆದರೂ ಬಡಿಗೆ ಹಿಡಿದು ನಾಲ್ಕು ಜನ ಬಂದರು. ಒಬ್ಬ ಹುಡುಗ ಅದರ ಬೆನ್ನ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ. ಹತ್ತಿರ ಹೋಗಿ ನೋಡಿದೆ. ಬಾಯಿಗೆ ಸುತ್ತಿದ ನೈಲಾನ್ ಹಗ್ಗ ದವಡೆಗೆ ಒತ್ತಿ ರಕ್ತ ಬಂದಿತ್ತು. ಕಣ್ಣಿನ ಮೇಲೆ ಒಂದು ತೆಳು ಪೊರೆ ಬಂದು ಹೋಗ್ತಿತ್ತು, ಮೆಲ್ಲಗೆ, ನಿದ್ದೆ ತಡೆಯುವವರ ಹಾಗೆ. ಅತ್ತೆಯ ಹಸಿ ಸೀರೆ ತಂದು ಅದರ ಕಣ್ಣು ಮುಚ್ಚಿಸಿದೆ. ಕಣ್ಣು ಮುಚ್ಚಿದರೆ ಒದ್ದಾಟ ಕಡಿಮೆ ಆಗುತ್ತೆ. ಇದು ನಾನು ಎಂಎಸ್ಸಿಯಲ್ಲಿ ಕಲಿತದ್ದಲ್ಲ, ಟಿವಿಯಲ್ಲಿ ಅವನು ಮಾಡಿದ್ದನ್ನು ನೋಡಿ ಕಲಿತದ್ದು. ಬಡಿಗೆಯವರು ನನ್ನನ್ನು ಹುಚ್ಚಿ ಅಂದರು. ಸಂಜೆ ಅರಣ್ಯದವರು ಬಂದು ಒಯ್ದು ದೂರದಲ್ಲಿ ಹೊಳೆಗೆ ಬಿಟ್ಟರು. ಅತ್ತೆ ಸೀರೆ ವಾಪಸ್ ಕೇಳಲಿಲ್ಲ.

ಹಿಡಿದು ದೂರ ಬಿಟ್ಟರೆ ಮುಗೀತು ಅಂತ ನಾವು ಅಂದುಕೊಳ್ತೀವಿ ಅಲ್ವಾ? ಸ್ಟೀವ್ ಸಾಯುವ ಮುಂಚೆ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಇದನ್ನೇ ಪರೀಕ್ಷೆ ಮಾಡಿದ್ದ. ಮೂರು ಮೊಸಳೆಗಳಿಗೆ ಉಪಗ್ರಹಕ್ಕೆ ಸಿಗ್ನಲ್ ಕಳಿಸುವ ಯಂತ್ರ ಕಟ್ಟಿ, ಬೇರೆ ಕಡೆ ಒಯ್ದು ಬಿಟ್ಟರು. ಒಂದನ್ನು ಕೇಪ್ ಯಾರ್ಕ್ ಭೂಭಾಗದ ಪಶ್ಚಿಮ ದಡದಿಂದ ಪೂರ್ವ ದಡಕ್ಕೆ ಹೆಲಿಕಾಪ್ಟರಿನಲ್ಲಿ ಒಯ್ದರು. ಅದು ಕೆಲವು ತಿಂಗಳು ಅಲ್ಲೇ ಅಡ್ಡಾಡಿತು. ಆಮೇಲೆ ಒಂದು ದಿನ ಹೊರಟು, ಭೂಮಿಯ ತುದಿಯನ್ನೇ ಸುತ್ತು ಹಾಕಿ, 20 ದಿನದಲ್ಲಿ 400 ಕಿಲೋಮೀಟರಿಗಿಂತ ಜಾಸ್ತಿ ಈಜಿ ತನ್ನ ಹೊಳೆಗೇ ಬಂತು. ಮೂರೂ ವಾಪಸ್ ಬಂದವು. ಆ ಲೇಖನ 2007ರ ಸೆಪ್ಟೆಂಬರಿನಲ್ಲಿ ಅಚ್ಚಾಯಿತು, ಅವನು ಹೋಗಿ ಒಂದು ವರ್ಷದ ಮೇಲೆ. ಬರೆದವರ ಪಟ್ಟಿಯಲ್ಲಿ ಅವನ ಹೆಸರಿದೆ. ಅವು ಉಪ್ಪುನೀರಿನ ಮೊಸಳೆ, ನಮ್ಮ ಹೊಳೆಯವು ಬೇರೆ ಜಾತಿ, ಮಗ್ಗರ್. ಆದರೂ ಪ್ರತಿ ವರ್ಷ ತರಗತಿಯಲ್ಲಿ ಇದನ್ನು ಹೇಳ್ತೀನಿ. ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುವ ಪಾಠ ಇದೊಂದೇ.

ಹಾವಿನ ಚೀಲ ಅಣ್ಣಾ, ನಿಮ್ಮ ಮಾತು ಒಪ್ಪಿದೆ. ಆದರೆ ಅವನು ಪ್ರಾಣಿ ಕುಣಿಸಿದವನು ಮಾತ್ರ ಅಲ್ಲ. ದುಡ್ಡು ಬಂದಾಗ ಕಾಡು ಉಳಿಸಲು ಜಮೀನು ಕೊಂಡು ಬಿಟ್ಟ. ಎಕರೆಗೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕುವ ನಮ್ಮೂರಿನವರಿಗೆ ಇದನ್ನು ಹೇಳಿದರೆ, 'ಉಳಲಿಲ್ಲೇನು?' ಅಂತ ಮತ್ತೆ ಮತ್ತೆ ಕೇಳ್ತಾರೆ.

ಹೊಳೆದಂಡಿ ಹುಡುಗ, ಕಂಪ್ಲಿ:

ಕೇಬಲ್ ಅಣ್ಣಾ, ನಿಮ್ಮ ಸಾಕ್ಷಿ ಮಗನಿಗೆ ಓದಿ ಹೇಳಿದೆ. 'ನೀನೇ ಬರೆದಿರ್ತೀಯಾ' ಅಂದ. ಏನು ಮಾಡಲಿ.

ಅಕ್ಕಾ, ನಿಮ್ಮಜ್ಜಿ ಮಾತು ಹೇಳಿದೆ. ಈಗ ಬಚ್ಚಲುಮನೆ ಬಾಗಿಲು ಬಡಿದು 'ಮೊಸಳೆ ಇದೆಯಾ' ಅಂತ ಕೇಳಿ ಒಳಗೆ ಹೋಗ್ತಾನೆ. ಮೀನಿನ ವಿಷಯವೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ಬಾಲ ಕತ್ತರಿಸಿದವರು ಅವನ ಶೋ ನೋಡಿರ್ಲಿಲ್ವಾ?' ಅಂದ. ನೋಡಿದ್ರು ಅನ್ಸುತ್ತೆ ಅಂದೆ. 'ಮತ್ತೆ?' ಅಂದ. ನನಗೆ ಉತ್ತರ ಬರಲಿಲ್ಲ. ನಾವೂ ಶೋ ಮುಗಿಸಿಕೊಂಡೇ ಕಲ್ಲು ಹೊಡೆಯಲು ಹೋಗ್ತಿದ್ದೆವಲ್ಲ.

ನಮ್ಮ ಹೊಳೆಯ ಸುದ್ದಿ ಒಂದು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳಿಗೆ ಮೀಸಲು. ದೊಡ್ಡಪ್ಪನಿಗೆ ಹೇಳಿದಾಗ 'ಕಳ್ಳರಿಗೆ ಸರ್ಕಾರವೇ ಮನೆ ಕೊಟ್ಟಿತು' ಅಂದರು. ಈಗ ವಯಸ್ಸಾಗಿದೆ, ಬಲೆ ಬಿಟ್ಟಿದ್ದಾರೆ. ಸಂಜೆ ಕೋಟೆ ಕಡೆ ದಂಡೆಗೆ ಹೋಗಿ ಕೂತು ಆ ಕಳ್ಳರನ್ನೇ ನೋಡ್ತಾರೆ.

ಹನ್ನೊಂದರಲ್ಲಿ ಒಬ್ಬ, ಸಿರುಗುಪ್ಪ:

ಲೇ ಹೊಳೆದಂಡಿ, ನೀನು ಯಾರು ಅಂತ ನನಗೆ ಮೊದಲ ಸಾಲಿಗೇ ಗೊತ್ತಾಯ್ತು. ಬಲದಿಂದ ಎರಡನೆಯವನು ನಾನು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಪಾಸ್‌ಪೋರ್ಟ್ ಫೋಟೋ ತೆಗೆಸಿದವನು.

ಫ್ಲೆಕ್ಸ್ ಎಲ್ಲಿ ಹೋಯ್ತು ಅಂತ ಯಾರೂ ಕೇಳಲಿಲ್ಲ, ಅದಕ್ಕೇ ಹೇಳಿರಲಿಲ್ಲ. ಕಂಬದಿಂದ ಬಿಚ್ಚಿದವನು ನಾನೇ. ದೀಪಾವಳಿಗೆ ಇನ್ಯಾರದೋ ಶುಭಾಶಯ ಕಟ್ಟಲು ಬಂದಿದ್ದರು, ಹರಿದು ಬಿಸಾಕ್ತಿದ್ದರು. ಮನೆಗೆ ಒಯ್ದೆ. ಅಕ್ಕನ ಮದುವೆ ಆದ ಮೇಲೆ ಅವಳ ಊರಿಗೆ ಹೋಯ್ತು. ಎರಡು ವರ್ಷ ಮೇಕೆ ಗೂಡಿನ ಮೇಲೆ ಇತ್ತು. ಆಮೇಲೆ ಒಳಗೆ ಭತ್ತದ ಚೀಲದ ಅಡಿಗೆ ಹಾಸಿದರು, ನೆಲದ ತೇವ ಏರಬಾರದು ಅಂತ. ನಿನ್ನ ಪೋಸ್ಟ್ ಓದಿ ನಿನ್ನೆ ಅಕ್ಕನಿಗೆ ಫೋನ್ ಮಾಡಿದೆ. ಅಳಿಯ ಚೀಲ ಸರಿಸಿ ಫೋಟೋ ಕಳಿಸಿದ್ದಾನೆ. ಈ ಜೊತೆ ಹಾಕಿದ್ದೇನೆ, ನೋಡು.

ಬಿಸಿಲಿಗೆ ಕೆಂಪು, ಹಳದಿ ಎಲ್ಲ ಹೋಗಿ ಬರೀ ನೀಲಿ ಉಳಿದಿದೆ. ಮಾಮನ ಖಾಕಿ ಅಂಗಿ ನೀಲಿ, ಮುಖ ನೀಲಿ, ಮೊಸಳೆ ಮರಿ ನೀಲಿ. 'ಸ್ಟೀಲ್' ಮಾತ್ರ ಗಟ್ಟಿಯಾಗಿದೆ, ಹೆಸರಿಗೆ ತಕ್ಕ ಹಾಗೆ. ಮಗನಿಗೆ ತೋರಿಸು.

ಆದರೆ ನಮ್ಮ ಸಾಲು ಇದರಲ್ಲಿಲ್ಲ. ಗೂಡಿನ ಅಳತೆಗೆ ಉದ್ದ ಜಾಸ್ತಿ ಆಯ್ತು ಅಂತ ಭಾವ ಕೆಳಗಿನ ಪಟ್ಟಿ ಕತ್ತರಿಸಿದ್ದರಂತೆ. ಅದನ್ನ ಬಿಸಾಕಿಲ್ಲ, ಕೋಳಿಗೂಡಿನ ಹಿಂದಿನ ಸಂದಿಗೆ ಹಾಕಿದ್ದೆ ಅಂತ ಅಕ್ಕ ಹೇಳ್ತಾಳೆ. ಒಳಗಿನ ಕಡೆ ಮುಖ ಇದೆಯಂತೆ, ಬಿಸಿಲು ತಾಗಿಲ್ಲ. ಭಾನುವಾರ ಹೋಗಿ ನೋಡ್ತೀನಿ. ಎಡದಿಂದ ಮೂರನೆಯವನು ಅಲ್ವಾ, ನನಗೂ ನೆನಪಿದೆ. ಬಾಚಣಿಗೆ ಜೇಬಿನಲ್ಲಿ ಕಾಣೋ ಹಾಗೆ ಇಟ್ಟುಕೊಂಡಿದ್ದ.

ಹೊಳೆದಂಡಿ ಹುಡುಗ, ಕಂಪ್ಲಿ:

ಫೋಟೋ ಮಗನಿಗೆ ತೋರಿಸಿದೆ. ದೊಡ್ಡದು ಮಾಡಿ, ಚಿಕ್ಕದು ಮಾಡಿ ಹತ್ತು ನಿಮಿಷ ನೋಡಿದ. 'ಸ್ಪೆಲ್ಲಿಂಗ್ ತಪ್ಪಿದೆ' ಅಂದ.

ಭಾನುವಾರ ನೀನೊಬ್ಬನೇ ಹೋಗಬೇಡ, ನಾನೂ ಬರ್ತೀನಿ. ಬೆಳಗ್ಗೆ ಮಿಲ್ಲಿನಲ್ಲಿ ಒಂದು ಲೋಡ್ ತೂಕ ಇದೆ, ಮುಗಿಸಿ ಹತ್ತಕ್ಕೆಲ್ಲ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿರ್ತೀನಿ. ಪೇಂಟರ್ ಅಪ್ಪನಿಗೂ ಹೇಳಿದ್ದೇನೆ. ಕಣ್ಣು ಅಷ್ಟು ಕಾಣಲ್ಲ ಈಗ, ಆದರೂ ಬರ್ತೀನಿ ಅಂದರು. ಕೋಳಿಗೂಡಿಗೆ ಹಾಕಲು ಹೊಸ ತಾಡಪಾಲು ತರ್ತೀನಿ ಅಂತ ಅಕ್ಕನಿಗೆ ಹೇಳು. ಒಂಬತ್ತು ಅಡಿ ಸಾಕಾ, ಹನ್ನೆರಡು ಬೇಕಾ?